ಬಾಣಂತಿ ಕೋಣೆಯ ಬಿಳಿ ಕಪಾಟು

ನಾನು ಒಂದು ಕಪಾಟು. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ, ಬಿಸಿ ಯಂತ್ರದಲ್ಲಿ ಒತ್ತಿ ಮಾಡಿದ ಹಲಗೆಗಳು ನನ್ನ ಮೈ. ಮೇಲೆ ಹಾಲಿನಂಥ ಬಿಳಿ ಹಾಳೆ.

ನನ್ನನ್ನು ಮಾಡಿದವರು ಬೆಟಗೇರಿಯ ಮೌನೇಶ ಬಡಿಗೇರರು. ಬೇವು, ಸಾಗವಾನಿಯಲ್ಲಿ ಬಾಗಿಲು ಕೆತ್ತಿದ ಕೈ ಅವರದು. ಈಚೆಗೆ ಊರೆಲ್ಲ ಬಿಳಿ ಹಲಗೆಯನ್ನೇ ಕೇಳುತ್ತಿತ್ತು. ಮಗಳು ವಿಶಾಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ, ಅವಳ ಕೋಣೆಗೂ ಅಂಥದ್ದೊಂದು ಇರಲಿ ಎಂದು ಅವರಿಗೆ ಆಸೆಯಾಯಿತು. ಯಾವುದೋ ಕಚೇರಿಯ ಕೆಲಸದಲ್ಲಿ ಉಳಿದ ಹಲಗೆಗಳಿದ್ದವು. ಮೂರು ದಿನ ಕೂತು ಜೋಡಿಸಿದರು. ಕಾಣುವ ಅಂಚಿಗೆಲ್ಲ ಪಟ್ಟಿ ಹೊಡೆದರು; ಹಿಂಬದಿ, ಒಳಗಿನ ಅಂಚು ಹಾಗೇ ಬಿಟ್ಟರು. ಯಾರು ನೋಡುತ್ತಾರೆ?

ಆ ಬಿಟ್ಟ ಅಂಚುಗಳಿಂದಲೇ ನಾನು ಉಸಿರು ಬಿಡುತ್ತಿದ್ದೆ. ನನ್ನ ಉಸಿರಿನಲ್ಲಿ ಅಂಟಿನ ಘಾಟಿತ್ತು.

"ಅಪ್ಪಾ, ಕಣ್ಣು ಉರಿತಾವು," ಎಂದಳು ವಿಶಾಲಾ ಮೊದಲ ದಿನವೇ.

"ಹೊಸಾ ಸಾಮಾನಿನ ವಾಸನಿ ಯವ್ವಾ. ಹೋಗ್ತೈತಿ ಬಿಡು."

ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಗಾಳಿ ತಾಗಬಾರದೆಂದು ಅವಳ ತಾಯಿ ಗಂಗವ್ವ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದರು. ಬೇಸಿಗೆಯ ಬಿಸಿಲಿಗೆ ಚಾವಣಿಯ ತಗಡು ಕಾದಷ್ಟೂ ನನ್ನ ಘಾಟು ಹೆಚ್ಚಿತು. ಕೂಸಿನ ಕುಲಾವಿ, ಅಂಗಿ, ದುಪಟಿ ಎಲ್ಲ ನನ್ನ ಹೊಟ್ಟೆಯಲ್ಲೇ. ಅವನ್ನೇ ತೆಗೆದು ತೊಡಿಸುತ್ತಿದ್ದರು. ನಾನು ಉಸಿರು ಬಿಗಿಹಿಡಿಯಬೇಕೆಂದರೂ ಅದು ನನ್ನ ಕೈಯಲ್ಲಿರಲಿಲ್ಲ.

ಎರಡನೇ ತಿಂಗಳಿಗೆ ಕೂಸಿನ ಎದೆ ಗುರುಗುಟ್ಟಿತು. ಹಾಲು ಕುಡಿಯುತ್ತಲೇ ಉಸಿರು ಸಿಗದೆ ಬಾಯಿ ಬಿಡುತ್ತಿತ್ತು. ದೃಷ್ಟಿ ತೆಗೆದರು, ಬಜೆ ತೇಯ್ದು ನೆಕ್ಕಿಸಿದರು. ಒಂದು ಮುಂಜಾನೆ ತುಟಿ ನೀಲಿಗಟ್ಟಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಮೂರನೇ ದಿನ ಬಟ್ಟೆ ಒಯ್ಯಲು ಬಂದ ಗಂಗವ್ವ ಗಂಡನಿಗೆ ಹೇಳಿದರು: "ಮನ್ಯಾಗ ಹೊಸಾದ್ದು ಏನ್ ತಂದೀರಿ ಅಂತ ಡಾಕ್ಟರಮ್ಮ ಕೇಳಿದ್ರು. ಇದೊಂದರಿಂದನ ಅಂತ ಹೇಳಾಕ ಬರೂದಿಲ್ಲಂತ. ಆದ್ರ ಈ ಘಾಟು ಎಳೀ ಎದಿಗೆ ಆಗೂದಿಲ್ಲಂತ."

ಮೌನೇಶರು ಕೋಣೆಯ ಬಾಗಿಲು ಹಾಕಿಕೊಂಡು, ಕೂಸು ಮಲಗುತ್ತಿದ್ದ ಜಾಗದಲ್ಲೇ ಕೂತರು. ಅರ್ಧ ತಾಸಿಗೆ ಕಣ್ಣು ಕೆಂಪಾಗಿ ನೀರಿಳಿಯಿತು. ಅದರಲ್ಲಿ ಘಾಟಿನದೆಷ್ಟು, ಅಳುವಿನದೆಷ್ಟು, ನನಗೆ ತಿಳಿಯಲಿಲ್ಲ. ಆಮೇಲೆ ಎದ್ದು, ಒಬ್ಬರೇ ನನ್ನನ್ನು ಹಿತ್ತಿಲ ಚಪ್ಪರಕ್ಕೆ ಎಳೆದು ತಂದರು.

ಕೂಸು ಉಳಿಯಿತು. ವಿಶಾಲಾ ಆಸ್ಪತ್ರೆಯಿಂದ ನೇರ ಗಂಡನ ಮನೆಗೆ ಹೋದಳು. "ನಾ ಹೇಳಿದ್ದೆ ಅಪ್ಪಾ," ಎಂದಷ್ಟೇ ಅಂದಳಂತೆ.

ಮೌನೇಶರು ತಾವು ಬಿಳಿ ಕಪಾಟು ಮಾಡಿಕೊಟ್ಟಿದ್ದ ಮನೆಗಳಿಗೆಲ್ಲ ಹೋದರು. ಕಿಟಕಿ ತೆರೆದಿಡಿ, ಬಿಟ್ಟ ಅಂಚು ಮುಚ್ಚಿಕೊಡುತ್ತೇನೆ ಎಂದರು. ಕೆಲವರು ಚಹಾ ಕೊಟ್ಟರು. ಹೆಚ್ಚಿನವರು ಬೈದು ಕಳಿಸಿದರು. ಒಂದು ದಿನ ಹಲಗೆ ಅಂಗಡಿಯವನು ಚಪ್ಪರದಲ್ಲೇ ಕೂತು ಹೇಳಿದ: "ಘಾಟು ಕಡಿಮಿ ಇರೂ ಹಲಗೀನೂ ಬರ್ತಾವು ಮೌನೇಶಣ್ಣ. ಯಾರೂ ಕೇಳೂದಿಲ್ಲಂತ ತರಸಂಗಿಲ್ಲ."

"ನಾನೂ ಕೇಳಲಿಲ್ಲ ನೋಡಪಾ," ಎಂದರು ಮೌನೇಶರು.

ಆಮೇಲೆ ಆ ಕೋಣೆಯನ್ನೇ ಹೊಸದು ಮಾಡಿದರು. ಗೋಡೆಯ ಬಣ್ಣ ಕೆರೆದು ಸುಣ್ಣ ಬಳಿದರು. ಚೆನ್ನಾಗಿ ಒಣಗಿದ ಬೇವಿನ ಹಲಗೆಯಲ್ಲಿ, ಅಂಟು ಸೋಕಿಸದೆ, ಗೂಟ ಬಡಿದು ಇನ್ನೊಂದು ಕಪಾಟು ಕಟ್ಟಿದರು. ಅಗಸೆ ಎಣ್ಣೆ ತಿಕ್ಕಿ ತಿಂಗಳುಗಟ್ಟಲೆ ಗಾಳಿಗಿಟ್ಟರು. ಕಿಟಕಿಯನ್ನು ಗೋಡೆ ಒಡೆದು ಅಗಲ ಮಾಡಿದರು.

ಮರುವರ್ಷ ನಾಗರ ಪಂಚಮಿಗೆ ವಿಶಾಲಾ ಬಂದಳು. ಚಪ್ಪರದಿಂದ ನನಗೆ ಆ ಕಿಟಕಿ ಕಾಣುತ್ತದೆ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಳು. ಉದ್ದಕ್ಕೆ ಉಸಿರೆಳೆದು ಮೂಸಿ ನೋಡಿದಳು.

"ಚಲೋ ಆಗೇತಿ ಅಪ್ಪಾ."

ಒಳಗೆ ಕಾಲಿಡಲಿಲ್ಲ. ಮಧ್ಯಾಹ್ನ ಕೂಸನ್ನು ಹಿತ್ತಿಲ ಕಟ್ಟೆಯ ಮೇಲೆ ಮಲಗಿಸಿದಳು. ಅದು ನಿದ್ದೆಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದಂತೆ ಉಸಿರಾಡುತ್ತಿತ್ತು. ಮೌನೇಶರು ಪಕ್ಕದಲ್ಲಿ ಕೂತು, ಅದು ಏಳುವವರೆಗೂ ಬೀಸಣಿಗೆ ಬೀಸಿದರು. ಸಂಜೆಯ ಬಸ್ಸಿಗೆ ತಾಯಿ ಮಗಳು ಹೊರಟುಹೋದರು. ಆಮೇಲಿನ ಪಂಚಮಿಗಳೂ ಹಾಗೇ.

ನಾನು ಚಪ್ಪರಕ್ಕೆ ಬಂದು ಈಗ ಆರು ವರ್ಷ. ಮಳೆಯ ನೀರು ಕುಡಿದು ನನ್ನ ಕಾಲುಗಳು ಉಬ್ಬಿವೆ, ಬಿಳಿ ಹಾಳೆ ಸುಲಿದಿದೆ. ಹೊಟ್ಟೆಯಲ್ಲಿ ತುಕ್ಕು ಮೊಳೆ, ಹಗ್ಗ. ಮೊನ್ನೆ ಮೌನೇಶರು ನನ್ನ ಬಾಗಿಲು ತೆರೆದು, ತಲೆ ಒಳಗಿಟ್ಟು ಮೂಸಿದರು.

"ಗಂಗವ್ವಾ, ವಾಸನಿ ಪೂರಾ ಹೋಗೇತಿ. ವಿಶಾಲಾಗ ಫೋನ್ ಮಾಡಿ ಹೇಳಲೇನ?"

ಗಂಗವ್ವ ಮೊರ ಕೆಳಗಿಟ್ಟು ಅವರನ್ನೇ ನೋಡಿದರು. "ಏನಂತ ಹೇಳ್ತೀರಿ?"

ಮೌನೇಶರು ಪಟ್ಟಿ ಹೊಡೆಯದೆ ಬಿಟ್ಟಿದ್ದ ನನ್ನ ಅಂಚನ್ನು ಸವರಿದರು. ಹೊಟ್ಟು ಉದುರಿ ಅವರ ಅಂಗೈಗೆ ಅಂಟಿಕೊಂಡಿತು.