ಬಿಸಿಲಿಗೆ ಇಳಿಯದ ತೊಟ್ಟಿ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿದೆಯೇ ಎಂಬ ಅಂಜಿಕೆಯಲ್ಲೇ ಬರೆಯುತ್ತಿದ್ದೇನೆ. ಸಂಜೆ ಕಾಲೇಜಿನಲ್ಲಿ ಓದಿದವಳು. ವಿಜ್ಞಾನದ ಮಾತಿನಲ್ಲಿ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ತಿಳಿದವರು ಯಾರೂ ಬಾಯಿ ಬಿಡದ್ದರಿಂದ ನಾನು ಬಿಡಬೇಕಾಯಿತು.

ನೆಲದಿಂದ ಗಾಳಿಗೆ ಎಷ್ಟು ನೀರು ಹೋಗುತ್ತದೆಂದು ಅಳೆಯುವ ಯೋಜನೆಯೊಂದರ ನಂಜನಗೂಡು ಕಚೇರಿಯಲ್ಲಿ ನಾನು ಟೈಪಿಸ್ಟ್. ಬಿಳಿಗೆರೆ ಪಕ್ಕದ ಗದ್ದೆ ಬಯಲಿನಲ್ಲಿ ನಮ್ಮವರು ಅಗಲವಾದ ತಗಡಿನ ತೊಟ್ಟಿ ಇಟ್ಟು ನೀರು ತುಂಬಿದ್ದರು. ಬಿಸಿಲಿಗೆ ನೀರು ಎಷ್ಟು ಇಳಿಯಿತೆಂದು ಅದರೊಳಗಿನ ಉಪಕರಣ ಕಚೇರಿಗೆ ತಿಳಿಸುತ್ತಿತ್ತು. ಅದನ್ನು ನೋಡಿ ಕಂಪ್ಯೂಟರಿನ ಮಾದರಿ, ಆ ಬಯಲಿಗೆ ನಾಲೆ ನೀರು ಎಷ್ಟು ಸಾಕೆಂದು ಹೇಳುತ್ತಿತ್ತು.

ಶಿವರಾತ್ರಿ ಕಳೆದು ನಾಯಿಗಳೂ ನೆರಳು ಬಿಟ್ಟು ಕದಲದ ಬಿಸಿಲು ಬಂದರೂ ತೊಟ್ಟಿಯ ನೀರು ಇಳಿಯಲಿಲ್ಲ. ಕೆಲವು ದಿನ ಏರಿತು ಕೂಡ. ನಮ್ಮ ಮುಖ್ಯಸ್ಥ ಕೃಷ್ಣಕುಮಾರ್ ಅನುಮಾನಪಡಲಿಲ್ಲ. ಅನುಮಾನ ಕಡಿಮೆ ಓದಿದವರ ಕಾಯಿಲೆ. ಮೈಸೂರಿನ ಸಭೆಯಲ್ಲಿ ಬಣ್ಣದ ನಕ್ಷೆ ತೋರಿಸಿ, ಬಿಳಿಗೆರೆಯ ಗಾಳಿ ಬಹಳ ಸಂಯಮದ್ದು, ನೆಲದ ನೀರನ್ನು ಮುಟ್ಟುವುದೇ ಇಲ್ಲ ಎಂದು ವಿವರಿಸಿದರು. ಚಪ್ಪಾಳೆ ಬಿತ್ತು. ಮರುವಾರ ಆ ಬಯಲಿನ ನಾಲೆ ಸರದಿ ನಿಂತಿತು.

ತೊಟ್ಟಿಯ ಪಕ್ಕದ ಗದ್ದೆ ಪುಟ್ಟಬಸಮ್ಮನದು. ಭತ್ತ ತೆನೆ ಬಿಚ್ಚುವ ಹೊತ್ತು. ಆಗ ನೀರು ತಪ್ಪಿದರೆ ಕಾಳು ಕಟ್ಟದೆ ಎಲ್ಲ ಜೊಳ್ಳು. ಆಕೆ ಕಚೇರಿಗೆ ಬಂದು ಗೋಳು ಹೇಳಿಕೊಂಡಾಗ ಕೃಷ್ಣಕುಮಾರ್ ಕುರ್ಚಿ ಕೊಟ್ಟು, ಪರದೆ ತೋರಿಸಿ, ಗದ್ದೆ ತೇವವಾಗಿಯೇ ಇದೆಯೆಂದು ಸಮಾಧಾನ ಮಾಡಿದರು.

"ಬಂದು ಕಾಲಿಕ್ಕಿ ನೋಡಿ ಸಾ. ಬಿರುಕ್ನಾಗೆ ನಿಮ್ ಬೂಟೇ ಒಂಟೋಯ್ತದೆ," ಎಂದಳು ಆಕೆ.

ಮರುದಿನ ನನ್ನನ್ನೂ ಕರೆದುಕೊಂಡು ಹೋದರು. ನಾವು ತಲುಪಿದಾಗ ಪುಟ್ಟಬಸಮ್ಮ ಬಿಂದಿಗೆ ಹೊತ್ತು ತಂದು ತೊಟ್ಟಿಗೆ ಸುರಿಯುತ್ತಿದ್ದಳು. ಕೃಷ್ಣಕುಮಾರ್ ಬದುವಿನ ಮೇಲೆ ಹಾಗೇ ನಿಂತರು.

"ಏನಮ್ಮ ಇದು?"

"ದಿನಾ ಉಯ್ತೀನಿ ಸಾ. ನಮ್ಮೆಜಮಾನ್ರು ತೀರ್ಕಂಡ್ ಮ್ಯಾಲೆ ಬೇಸ್ಗೇಲಿ ಗುಬ್ಬಿ, ಕಾಗೆಗೆ ಅವ್ರ ಎಸ್ರಲ್ಲಿ ನೀರು ಮಡಗ್ತೀನಿ. ನೀವೂ ಅದ್ಕೇ ತೊಟ್ಟಿ ಮಡಗಿರೋದು ಅಂದ್ಕಂಡೆ. ಒಳ್ಳೇ ಜನ ಅಂತ ಊರ್ಗೆಲ್ಲಾ ಯೋಳ್ದೆ. ಎಲ್ರೂ ಒಂದೊಂದ್ ಬಿಂದ್ಗೆ ತತ್ತಾರೆ."

ಸಭೆಗೆ ತಿಳಿಸಿಬಿಡೋಣ ಎಂದು ನಾನು ಮೆಲ್ಲಗೆ ಅಂದೆ. ಬಿದ್ದ ಚಪ್ಪಾಳೆಯನ್ನು ವಾಪಸು ಕೊಡುವುದು ಹೇಗೆಂದು ಅವರು ಕೇಳಿದರು.

ತೊಟ್ಟಿಗೆ ಬಲೆ ಹೊದಿಸಿ ಬೀಗ ಹಾಕಿಸಿದರು. ನೀರು ಸರಸರ ಇಳಿಯತೊಡಗಿತು. ಮಾದರಿ ಹಿಂದಿನದನ್ನೂ ಈಗಿನದನ್ನೂ ಹೋಲಿಸಿ, ಬಿಳಿಗೆರೆಯ ಹವಾಮಾನವೇ ದಿಢೀರನೆ ಬದಲಾಗಿದೆಯೆಂದು ಸಾರಿತು. ಅದರ ಕಾರಣ ಹುಡುಕಲು ಹೊಸ ಅಧ್ಯಯನ ಮಂಜೂರಾಯಿತು. ಅದು ಮುಗಿಯುವವರೆಗೆ ನಾಲೆಗೆ ಹಳೆಯ ಲೆಕ್ಕವೇ, ಅಂದರೆ ನೀರು ಬಿಡುವುದಿಲ್ಲ ಎಂದರು.

ಇದನ್ನು ಕೇಳಿದ ಪುಟ್ಟಬಸಮ್ಮ ಕೂಗಾಡಲಿಲ್ಲ.

"ಅಂಗಾದ್ರೆ ನಾನು ಪುಣ್ಯ ಮಾಡಿದ್ಕೆ ನನ್ ಗದ್ದೆ ಒಣಗ್ಬೇಕಾ ಸಾ?"

ಅದು ಮಾದರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೃಷ್ಣಕುಮಾರ್ ವಿನಯದಿಂದಲೇ ಹೇಳಿದರು.

ಕೊನೆಗೆ ಟಿ. ನರಸೀಪುರದ ಕಡೆಯ ರೈತರು ರಸ್ತೆಗೆ ಅಡ್ಡ ಕುಳಿತ ಮೇಲೆ ನಾಲೆಗೆ ನೀರು ಬಂತು. ಅವರಿಗೆಂದು ಬಿಟ್ಟ ನೀರು ದಾರಿಯಲ್ಲಿ ಪುಟ್ಟಬಸಮ್ಮನ ಗದ್ದೆಗೂ ಹಾಯಿತು. ಅಷ್ಟರಲ್ಲಿ ಅರ್ಧ ತೆನೆ ಜೊಳ್ಳಾಗಿತ್ತು.

ಅಧ್ಯಯನ ಇನ್ನೂ ನಡೆಯುತ್ತಿದೆ. ಅದರ ಪುಟಗಳನ್ನು ನಾನೇ ಟೈಪು ಮಾಡುತ್ತಿದ್ದೇನೆ. ಆ ಬೇಸಿಗೆಯಲ್ಲಿ ಆ ಗದ್ದೆಯಿಂದ ಗಾಳಿಗೆ ನಿಜವಾಗಿ ಎಷ್ಟು ನೀರು ಹೋಯಿತೆಂದು ನನಗೆ ಗೊತ್ತಿಲ್ಲ.