ಕೊಟ್ಟಿಗೆಗೆ ಕಾಲಿಡದ ವನಜಾಕ್ಷಿ

ವನಜಾಕ್ಷಿ ತವರಿಗೆ ಬಂದರೆ ಮನೆಯೆಲ್ಲ ಓಡಾಡುತ್ತಾಳೆ, ಕೊಟ್ಟಿಗೆಗೆ ಮಾತ್ರ ಕಾಲಿಡುವುದಿಲ್ಲ. ದನಗಳ ನಡುವೆಯೇ ಆಡಿ ಬೆಳೆದ ಹುಡುಗಿ, ಈಗ ನಡುವಯಸ್ಸಿನ ವಿಜ್ಞಾನಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೇಲಿಯಾಚೆ ನಿಂತು ಹಸುಗಳನ್ನು ಹೆಸರು ಹಿಡಿದು ಕರೆಯುವುದನ್ನು ಕಂಡು, ಪಂಚನಹಳ್ಳಿಯ ನಮ್ಮ ಬೀದಿ ‘ಸಗಣಿ ವಾಸನೆ ಮರೆತವಳು’ ಎಂದು ಆಡಿಕೊಳ್ಳುತ್ತದೆ.

ಪಕ್ಕದ ಮನೆಯವನಾದ ನನಗೆ ಕಾರಣ ಗೊತ್ತು. ಅವಳ ಪ್ರಯೋಗಾಲಯದಲ್ಲಿ ಕಾಲುಬಾಯಿ ಜ್ವರದ ಸಂಶೋಧನೆ ನಡೆಯುತ್ತದೆ. ಬಟ್ಟೆಗೋ ಚಪ್ಪಲಿಗೋ ರೋಗ ಅಂಟಿ ಬಂದೀತೆಂದು, ಅಲ್ಲಿಯವರು ಕೆಲವು ದಿನ ಹೊರಗಿನ ದನ ಮುಟ್ಟಬಾರದೆಂಬ ನಿಯಮ. ಅದನ್ನು ಇವಳು ಮಡಿ ಹೆಂಗಸರೂ ನಾಚುವಷ್ಟು ನಿಷ್ಠೆಯಿಂದ ಪಾಲಿಸುತ್ತಾಳೆ.

ಕೆಲಸದ ಮಾತೆತ್ತಿದರೆ ಮುಖ ಅರಳುತ್ತದೆ. ಪತಂಗದ ಹುಳುವಿನ ಜೀವಕೋಶಗಳನ್ನು ಫ್ಲಾಸ್ಕಿನಲ್ಲಿ ಸಾಕಿ, ಅವುಗಳಿಂದ ವೈರಸ್ಸಿನ ಹೊರಕವಚವನ್ನಷ್ಟೇ ಮಾಡಿಸುವುದು. ಅದನ್ನು ಚುಚ್ಚಿದರೆ ದನದ ಮೈ ರೋಗ ತಗಲದೆಯೇ ವೈರಿಯ ಮುಖ ಗುರುತಿಟ್ಟುಕೊಳ್ಳಬೇಕು ಎಂಬುದು ಅವಳ ಆಸೆ.

“ಬರೀ ಚಿಪ್ಪು ಕಣಣ್ಣ, ಒಳಗೆ ಕಾಯಿಲ್ಲ,” ಎಂದು ನಗುತ್ತಾಳೆ.

ಕಳೆದ ಚಳಿಗಾಲ ದೇವನೂರಿನ ಕಡೆಯಿಂದ ಜ್ವರ ನಮ್ಮೂರಿಗೂ ಬಂತು. ವನಜಾಕ್ಷಿಯ ತಾಯಿ ಜವರಮ್ಮನ ಹಸು ಆಗಷ್ಟೇ ಕರು ಹಾಕಿತ್ತು. ಇರುವ ಲಸಿಕೆ ಕೊಡುವ ವಯಸ್ಸೂ ಕರುವಿಗಾಗಿರಲಿಲ್ಲ. ಸುದ್ದಿ ತಿಳಿದು ವನಜಾಕ್ಷಿ ಓಡಿಬಂದಳು. ಜವರಮ್ಮ ಬೇಲಿಯ ಹತ್ತಿರ ಬಂದು ಹೆತ್ತ ಮಗಳಿಗೆ ಕೈಮುಗಿದಳು.

“ಹೋಗಿ ಆ ನಿನ್ ಚಿಪ್ಪು ತಂದು ಒಂದ್ ಸೂಜಿ ಹಾಕ್ಬಿಡೇ. ಯಾರಿಗೂ ಹೇಳಾಕಿಲ್ಲ.”

“ಎಳೇ ಕರುಗಳ ಮ್ಯಾಲೆ ಪರೀಕ್ಷೆ ಆಗಿಲ್ಲ ಕಣವ್ವ. ಏನಾಯ್ತದೋ ನಂಗೇ ಗೊತ್ತಿಲ್ಲ.”

“ಸುಮ್ನಿದ್ರೆ ಸಾಯ್ತದೆ ಅನ್ನೋದು ಗೊತ್ತಲ್ಲ?”

ವನಜಾಕ್ಷಿ ಸೂಜಿ ತರಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಜ್ವರ ತಗುಲಿ ಕರು ಸತ್ತಿತು. ಬೇಲಿಗೂಟ ಹಿಡಿದು ಅವಳು ಬಿಕ್ಕಿಬಿಕ್ಕಿ ಅತ್ತಳು. ಜವರಮ್ಮ ತಿರುಗಿಯೂ ನೋಡದೆ ಕರುವನ್ನು ಹೂಳಿಸಲು ಹೋದಳು. ಈಗಲೂ ಮಗಳು ಬಂದರೆ ಆ ತಾಯಿ ಬಿಸಿಮುದ್ದೆ ಬಡಿಸುತ್ತಾಳೆ, ಎದುರು ಕೂತು ಮಾತಾಡುವುದಿಲ್ಲ. ಅಂದು ನನಗೂ ವನಜಾಕ್ಷಿಯ ಮೇಲೆ ಸಿಟ್ಟು ಬಂದಿತ್ತು. ಪೂರ್ತಿ ಇಳಿದಿದೆಯೆಂದು ಹೇಳಲಾರೆ.

ಆದರೂ ಯಾವುದೇ ಮದ್ದನ್ನು ನಾವು ಕಣ್ಣುಮುಚ್ಚಿ ನಂಬುವುದು, ಅದನ್ನು ಮಾಡುವಲ್ಲಿ ಇಂಥವರೊಬ್ಬರು ಇದ್ದಾರೆಂಬ ಭರವಸೆಯಿಂದಲೇ. ತಮ್ಮವರು ಅಂಗಲಾಚಿದರೂ ಸತ್ಯವನ್ನು ಒಂದು ಕೂದಲೆಳೆಯಷ್ಟೂ ಬಗ್ಗಿಸದ ಈ ಜನ ಮನೆಯವರ ಕಣ್ಣಿಗೆ ಕಲ್ಲೆದೆಯವರು. ಮುಂದೆಂದೋ ಇವರಿಂದ ಬದುಕಿಕೊಳ್ಳುವ ಕರುಗಳ ಒಡೆಯರಿಗೆ ಇವರ ಹೆಸರೂ ತಿಳಿಯುವುದಿಲ್ಲ. ಸತ್ತ ಒಂದೇ ಒಂದು ಕರುವನ್ನು ಇವರ ಹೆತ್ತವ್ವ ಮರೆಯುವುದಿಲ್ಲ.