ಗಂಗಾಮಣಿಯ ಬಲಗೈ

ನಮ್ಮ ಕಡೆ ಲಕ್ವ ಹೊಡೆಯಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಾಳಿ ಸೋಕಿತು ಅನ್ನುತ್ತಾರೆ. ಹೆಸರು ಹೇಳಿದರೆ ಅದಕ್ಕೆ ಕೇಳಿಸುತ್ತದೆ, ಕೇಳಿಸಿದರೆ ತಿರುಗಿ ನೋಡುತ್ತದೆ ಎಂಬ ಭಯ.

ಯಸಳೂರಿನಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ಕೃಷ್ಣಪ್ಪನದು ಸ್ವಲ್ಪ ಕಾಫಿ, ಸ್ವಲ್ಪ ಮೆಣಸು. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಹೆಂಡತಿ ಗಂಗಾಮಣಿ ಒಲೆ ಮುಂದೆ ಕೂತಿದ್ದಾಗ ಬಲಗೈಯಿಂದ ಸೌಟು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಬಾಯಿ ಸೊಟ್ಟಗಾಯಿತು. ಕೃಷ್ಣಪ್ಪ ತಡಮಾಡಲಿಲ್ಲ, ಪಕ್ಕದ ಎಸ್ಟೇಟಿನ ಜೀಪು ಕೇಳಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹಾಗಾಗಿ ಜೀವ ಉಳಿಯಿತು. ಮಾತು ಮರಳಿತು. ಕಾಲೆಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಹಾಗೇ ಉಳಿಯಿತು.

ಮನೆಗೆ ಬಂದ ಮೇಲೆ ಗಂಗಾಮಣಿ ಆ ಕೈಯನ್ನು ನೋಡುತ್ತಲೇ ಇರಲಿಲ್ಲ. ಬಸ್ಸಿನಲ್ಲಿ ಯಾರೋ ‘ಸ್ವಲ್ಪ ಹಿಡ್ಕಳವ್ವ’ ಅಂತ ಕೊಟ್ಟು, ಮರೆತು ಇಳಿದುಹೋದ ಗಂಟಿನ ಹಾಗೆ ಅದು ಅವಳ ಮಡಿಲಲ್ಲಿ ಬಿದ್ದಿರುತ್ತಿತ್ತು. ಗಂಟಿನೊಳಗೆ ಏನಿದೆಯೋ ಎಂದು ಅವಳಿಗೆ ಹೆದರಿಕೆ.

ಕೈ ಆಡಿಸುತ್ತಾ ಇರಿ ಅಂತ ಆಸ್ಪತ್ರೆಯವರು ಹೇಳಿಯೇ ಕಳಿಸಿದ್ದರು. ಆ ಮಾತು ಮನೆಯ ಹೊಸ್ತಿಲು ದಾಟಲಿಲ್ಲ. ಒಳಗೆ ಮಾದೇವಮ್ಮ ಇದ್ದಳು, ಕೃಷ್ಣಪ್ಪನ ಅಕ್ಕ.

“ಕೈ ಆಡಿಸ್ಬೇಡ ಕಣೇ ಗಂಗಾ. ಗಾಳಿ ಕೈಯಾಗೇ ಮಲಗೈತೆ. ಎಬ್ಬಿಸಿದ್ರೆ ಎದೆಗೆ ಏರ್ತದೆ.”

ಮಾದೇವಮ್ಮ ಸುಮ್ಮನೆ ಹೇಳಿದ್ದಲ್ಲ. ಅವಳ ಅಪ್ಪನಿಗೂ ಹೀಗೇ ಆಗಿತ್ತು. ಸ್ವಲ್ಪ ಹುಷಾರಾದ ಮೇಲೆ ಆತ ಹಟದಿಂದ ಆ ಕೈಯಲ್ಲೇ ಬಿಂದಿಗೆ ಎತ್ತಲು ಹೋಗಿದ್ದ, ಅವತ್ತು ಸಂಜೆಯೇ ತೀರಿಕೊಂಡ. ಅವಳ ಕಣ್ಣೆದುರೇ. ಅದಕ್ಕೇ ಅವಳು ತಮ್ಮನ ಹೆಂಡತಿಯ ಬಲಗೈಯನ್ನು ಒಂದು ಟವೆಲಿನಿಂದ ಎದೆಗೆ ಕಟ್ಟಿಟ್ಟಳು. ತಾನೇ ಮುದ್ದೆ ಮುರಿದು, ಸಾರಿಗೆ ಅದ್ದಿ ತಿನ್ನಿಸಿದಳು. ಎಡಗೈಯಲ್ಲಿ ಉಣ್ಣಲು ಗಂಗಾಮಣಿಗೂ ಮನಸ್ಸು ಬರಲಿಲ್ಲ. ಪ್ರೀತಿಯಲ್ಲಿ ಏನೂ ಕಡಿಮೆ ಇರಲಿಲ್ಲ. ಕೈ ಮಾತ್ರ ದಿನದಿನಕ್ಕೆ ಮುದುಡುತ್ತಾ ಹೋಯಿತು.

ಬಿ.ಪಿ. ನೋಡಲು ಬಂದ ಆರೋಗ್ಯ ಕೇಂದ್ರದ ಸಿಸ್ಟರ್ ಪಂಕಜಾಕ್ಷಿ ಆ ಟವೆಲನ್ನು ಕಂಡಳು. ಬಿಚ್ಚಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಅವು ಒಲ್ಲೆ ಎಂದವು.

“ಗಂಗಕ್ಕ, ಇದನ್ನ ಹಿಂಗೇ ಬಿಟ್ರೆ ಬೆರಳು ಮುಚ್ಕೊಂಡು ಹಂಗೇ ನಿಂತುಬಿಡ್ತವೆ. ಆಮೇಲೆ ಯಾರು ಬಿಡಿಸಿದ್ರೂ ಬಿಡೋದು ಕಷ್ಟ. ಈಗಿನ್ನೂ ಹೊತ್ತು ಐತೆ.”

“ನನ್ನ ಕೈಲಾಗಲ್ಲ ಸಿಸ್ಟ್ರೇ.”

“ಯಾವ ಕೈಲಿ?”

ಗಂಗಾಮಣಿಗೆ ಅರ್ಥವಾಗಲಿಲ್ಲ.

“ಯಾವ ಕೈಲಿ ಆಗಲ್ಲ ಹೇಳು. ಬಲಗೈಲಿ ಆಗಲ್ಲ, ಸರಿ. ಎಡಗೈಗೆ ಏನಾಗೈತೆ? ಎಡಗೈಲಿ ಬಲಗೈ ಹಿಡ್ಕೋ. ಮೆಲ್ಲಗೆ ಎತ್ತು, ಮೆಲ್ಲಗೆ ಇಳಿಸು. ಬೆರಳು ನೀವಿ ಬಿಡಿಸು. ಎಳೀಬೇಡ, ನೋವು ಬಂದ್ರೆ ನಿಲ್ಲಿಸು. ಬೆಳಿಗ್ಗೆ ಕಾಪಿ ಕುಡಿದ ಮೇಲೆ ಒಂದ್ಸಲ, ಸಂಜೆ ದೀಪ ಹಚ್ಚಿದ ಮೇಲೆ ಒಂದ್ಸಲ. ಅಷ್ಟೇ ಕೆಲಸ.”

“ಅಷ್ಟರಾಗೆ ಏನು ಬರ್ತದೆ?” ಎಂದಳು ಮಾದೇವಮ್ಮ. “ಬರೋದಾದ್ರೆ ಗಾಳಿ ಬರ್ತದೆ, ನಮ್ಮಪ್ಪಂಗೆ ಬಂದಂಗೆ.”

“ನಿಮ್ಮಪ್ಪ ಹೋಗಿದ್ದು ಕೈ ಆಡಿಸಿದ್ದಕ್ಕೆ ಅಂತ ಹೇಳೋಕಾಗಲ್ಲ ಮಾದೇವಕ್ಕ. ಅವರ ಬಿ.ಪಿ. ಯಾರಾದ್ರೂ ನೋಡಿದ್ರಾ? ಮಾತ್ರೆ ತಗೊಳ್ತಿದ್ರಾ?”

“ಆಗೆಲ್ಲಿ ಮಾತ್ರೆ. ಬೂದಿ ಹಚ್ಚಿದ್ವು.”

“ಗಂಗಕ್ಕ ದಿನಾ ಮಾತ್ರೆ ನುಂಗ್ತವ್ಳೆ. ನಾನು ಬಂದು ಬಿ.ಪಿ. ನೋಡ್ತೀನಿ. ಅದೇ ವ್ಯತ್ಯಾಸ.”

ಮಾದೇವಮ್ಮ ಒಪ್ಪಲಿಲ್ಲ, ಎದ್ದೂ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತಳು.

ಪಂಕಜಾಕ್ಷಿ ಗಂಗಾಮಣಿಯ ಕಡೆ ತಿರುಗಿ ನಕ್ಕಳು. “ಹೋದ ವರ್ಷ ಆನೆ ಗದ್ದೆಗೆ ಬಂದಾಗ ಡಬ್ಬ ಬಡ್ಕೊಂಡು ಅದರ ಮುಂದೆ ನಿಂತೋಳು ನೀನು. ಈಗ ಸ್ವಂತ ಬೆರಳಿಗೆ ಹೆದರ್ತೀಯಲ್ಲ ಮಾರಾಯ್ತಿ.”

“ಆನೆ ಹೊರಗಿತ್ತು ಸಿಸ್ಟ್ರೇ. ಇದು ಒಳಗೈತೆ.”

ಆ ಮಾತಿಗೆ ಸಿಸ್ಟರ್ ನಗಲಿಲ್ಲ. ಹತ್ತಿರ ಸರಿದು ಕೂತಳು.

ಗಂಗಾಮಣಿ ಎಡಗೈಯಿಂದ ಬಲಗೈ ಎತ್ತಿದಳು. ತಣ್ಣಗಿತ್ತು, ಭಾರವಾಗಿತ್ತು. ಎದೆ ಡವಡವ ಎಂದಿತು. ಬೆವರಿಳಿಯಿತು.

“ಏರ್ತಾ ಐತೆ,” ಎಂದು ಉಸಿರು ಹಿಡಿದಳು. “ಎದೆಗೆ ಬಂತು.”

ಪಂಕಜಾಕ್ಷಿ ಅವಳ ಮಣಿಕಟ್ಟಿನ ನಾಡಿ ಹಿಡಿದು ನೋಡಿದಳು. ಮತ್ತೆ ಬಿ.ಪಿ. ಪಟ್ಟಿ ಸುತ್ತಿ ನೋಡಿದಳು. “ಬಿ.ಪಿ. ಸರಿಯಾಗೇ ಐತೆ ಗಂಗಕ್ಕ. ಇದು ಹೆದರಿಕೆ. ಹೆದರಿಕೆ ಹೋಗಲಿ, ಆಮೇಲೆ ಮಾಡ್ತೀನಿ ಅಂತ ಕಾಯ್ಬೇಡ. ಅದು ಇರಲಿ ಪಕ್ಕದಲ್ಲಿ. ನೀನು ಕೈ ಎತ್ತು.”

“ಎತ್ತಿದ್ರೆ ಮೊದಲಿನಂಗೆ ಆಗ್ತದಾ?”

“ಮೊದಲಿನಂಗೇ ಆಗ್ತದೆ ಅಂತ ಸುಳ್ಳು ಹೇಳಲ್ಲ. ಎಷ್ಟು ಬರ್ತದೋ ಗೊತ್ತಿಲ್ಲ. ಬರದೇ ಇದ್ರೂ ಕೈ ಮುದುಡೋದು ತಪ್ತದೆ.”

ಅವತ್ತಿನಿಂದ ಗಂಗಾಮಣಿ ಶುರುಮಾಡಿದಳು. ಬೆಳಿಗ್ಗೆ ಕಾಫಿಯ ಲೋಟ ಕೆಳಗಿಟ್ಟು ಎಡಗೈಯಿಂದ ಬಲಗೈ ಹಿಡಿಯುತ್ತಿದ್ದಳು. ಪ್ರತಿ ಸಲ ಎತ್ತುವಾಗಲೂ ಕಣ್ಣು ಮುಚ್ಚುತ್ತಿದ್ದಳು, ಇಳಿಸಿದ ಮೇಲೆ ಒಂದು ಗಳಿಗೆ ಕಾಯುತ್ತಿದ್ದಳು. ಬದುಕಿದ್ದೇನೆ ಅಂತ ಗೊತ್ತಾದ ಮೇಲೆ ಕಣ್ಣು ತೆರೆಯುತ್ತಿದ್ದಳು. ಕೃಷ್ಣಪ್ಪ ಕಣದಲ್ಲಿ ಕಾಫಿ ಹರವುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

“ನೀನ್ಯಾಕೆ ನಿಂತೆ? ಹೆಣ ಕಾಯೋಕಾ?”

“ಇಲ್ಲ ಕಣೇ. ಹಿಂಗೇ ಬಂದೆ.”

“ಹಿಂಗೇ ಬಂದೋನು ಹಂಗೇ ಹೋಗು. ನೀನು ನಿಂತ್ರೆ ಇನ್ನೂ ಹೆದರಿಕೆ ಆಗ್ತದೆ.”

ಒಂದು ಸಂಜೆ ದೀಪ ಹಚ್ಚಿ ಕೂತು ಬೆರಳು ನೀವುತ್ತಿದ್ದಾಗ ಸತ್ತಂತಿದ್ದ ಅಂಗೈಯಲ್ಲಿ ಜುಮ್ ಎಂದಿತು. ಇರುವೆ ಸಾಲು ಹರಿದ ಹಾಗೆ. ಅದು ಮಣಿಕಟ್ಟು ದಾಟಿ ಮೊಳಕೈಗೆ ಬಂತು. ಗಂಗಾಮಣಿ ಚೀರಿದಳು. ಮಾದೇವಮ್ಮ ಓಡಿ ಬಂದಳು, ಏನೂ ಕೇಳಲಿಲ್ಲ, ಟವೆಲು ತಂದು ಕೈಯನ್ನು ಮತ್ತೆ ಎದೆಗೆ ಬಿಗಿದಳು.

“ನಾನು ಹೇಳಿದ್ದೆ. ಎದ್ದುಬುಡ್ತು ನೋಡು.”

ಆಮೇಲೆ ಯಾರೂ ಆ ಟವೆಲು ಬಿಚ್ಚಲಿಲ್ಲ. ದೀಪ ಹಚ್ಚುವ ಹೊತ್ತಾದರೆ ಗಂಗಾಮಣಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಸಿಸ್ಟರ್ ಮತ್ತೆ ಬರುವ ಹೊತ್ತಿಗೆ ಟವೆಲಿನ ಮೇಲೆ ಒಂದು ಕಂದು ಕಲೆ ಇತ್ತು. ಬಿಚ್ಚಿ ನೋಡಿದರೆ ಮುಚ್ಚಿದ ಮುಷ್ಟಿಯ ಉಗುರು ಅಂಗೈಗೆ ನೆಟ್ಟು ಗಾಯವಾಗಿತ್ತು. ಯಾರಿಗೂ ಗೊತ್ತೇ ಆಗಿರಲಿಲ್ಲ.

ಪಂಕಜಾಕ್ಷಿ ಆ ಸಂಜೆ ಜುಮ್ ಎಂದ ಸಂಗತಿಯನ್ನು ಕೇಳಿಸಿಕೊಳ್ಳುತ್ತಾ ಗಾಯ ತೊಳೆದು ಮದ್ದು ಹಚ್ಚಿದಳು. ಆಗ ಗಂಗಾಮಣಿ “ಹಾ” ಎಂದಳು.

“ಉರೀತದಾ?”

“ಉರೀತದೆ.”

“ಸತ್ತ ಕೈ ಉರಿಯಲ್ಲ ಗಂಗಕ್ಕ. ಅವತ್ತು ಜುಮ್ ಅಂದಿದ್ದೂ ಕೈ ಎಚ್ಚರ ಆಗ್ತಿರೋದಕ್ಕೇ ಇರಬೇಕು. ಹೆದರಿ ಮತ್ತೆ ಮಲಗಿಸಿಬಿಟ್ರಿ.”

ಮಾದೇವಮ್ಮ ಆ ಗಾಯವನ್ನೇ ನೋಡುತ್ತಾ ಕೂತಳು. ಟವೆಲು ಬಿಗಿದವಳು ಅವಳೇ. “ನಾನು ಇವಳನ್ನ ಕಾಯ್ತಾ ಇದೀನಿ ಅಂದ್ಕೊಂಡಿದ್ದೆ,” ಎಂದಳು. ಮರುದಿನ ಬೆಳಿಗ್ಗೆ ಕಾಫಿ ಲೋಟ ಎತ್ತಿಕೊಳ್ಳಲು ಬಂದವಳು ಅಲ್ಲೇ ನಿಂತು, “ಆಯ್ತಾ ಕೈ ಕೆಲಸ?” ಎಂದು ಕೇಳಿದಳು. ಸಂಜೆಯೂ ಕೇಳಿದಳು. ದಿನಾ ಕೇಳಿದಳು.

ಗಾಯ ಮಾಯಿತು. ಕೈ ಇಷ್ಟಿಷ್ಟೇ ಸಡಿಲವಾಯಿತು. ಅಷ್ಟರಲ್ಲಿ ಸಂಕ್ರಾಂತಿ ಹತ್ತಿರ ಬಂತು, ಅವರೆಕಾಯಿ ಕಾಲ. ಮಾದೇವಮ್ಮ ಅವರೆಕಾಳು ನೆನೆಸಿಟ್ಟು, ಹಿದುಕಲು ಕೂತಳು. ಹಿದುಕುವುದು ಅಂದರೆ ನಮ್ಮ ಹಾಸನದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹೆಬ್ಬೆಟ್ಟು, ತೋರುಬೆರಳ ನಡುವೆ ಕಾಳು ಹಿಡಿದು ಅದುಮಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಿಗಿಯುತ್ತದೆ.

ಗಂಗಾಮಣಿ ಎದುರಿಗೆ ಬಂದು ಕೂತಳು. ಎಡಗೈಯಿಂದ ಬಲಗೈಯನ್ನು ಎತ್ತಿ ಪಾತ್ರೆಯ ಅಂಚಿಗಿಟ್ಟಳು. ಬೆರಳ ನಡುವೆ ಒಂದು ಕಾಳು ಸಿಕ್ಕಿಸಿದಳು. ಅದು ಜಾರಿ ನೀರಿಗೆ ಬಿತ್ತು.

“ಬುಡು, ನಾನು ಮಾಡ್ತೀನಿ,” ಎಂದಳು ಮಾದೇವಮ್ಮ.

“ನೀನು ನಿನ್ನದು ಮಾಡಕ್ಕ.”

ಅವತ್ತು ಒಂದೂ ಬರಲಿಲ್ಲ. ಮರುದಿನವೂ ಇಲ್ಲ. ಆ ಅವರೆ ಕಾಲದಲ್ಲಿ ಮನೆಯಲ್ಲಿ ದಿನವೂ ಹಿದುಕವರೆ ಸಾರೇ ಆಯಿತು, ಕೃಷ್ಣಪ್ಪ ತಟ್ಟೆ ಮುಂದೆ ಕೂತು ನಿಟ್ಟುಸಿರು ಬಿಡುತ್ತಿದ್ದ, ಆದರೆ ಬೇರೆ ಸಾರು ಮಾಡಿ ಅಂತ ಬಾಯಿಬಿಡಲಿಲ್ಲ. ಗಂಗಾಮಣಿ ಪ್ರತಿ ಸಲ ಅದುಮುವಾಗಲೂ ಎದೆಯ ಕಡೆಗೇ ಕಿವಿಗೊಟ್ಟಿರುತ್ತಿದ್ದಳು, ಕತ್ತಲಲ್ಲಿ ಹೆಜ್ಜೆ ಸಪ್ಪಳ ಕೇಳುವವರಂತೆ.

ಒಂದು ಮಧ್ಯಾಹ್ನ ಬೇಳೆ ಜಿಗಿಯಿತು. ನೇರವಾಗಿ ಮಾದೇವಮ್ಮನ ಹಣೆಗೆ ಬಡಿದು ಮಡಿಲಿಗೆ ಬಿತ್ತು.

ಇಬ್ಬರೂ ಅಲುಗಾಡಲಿಲ್ಲ. ಮಾದೇವಮ್ಮನ ಮುಖ ಬಿಳಿಚಿಕೊಂಡಿತ್ತು.

“ಎದೆ ಹೆಂಗೈತೆ?” ಎಂದು ಮೆಲ್ಲಗೆ ಕೇಳಿದಳು.

“ಬಡ್ಕೊಳ್ತಾ ಐತೆ.”

“ಹೆದರಿಕೆಯಾ?”

“ಹೂಂ ಕಣಕ್ಕ. ಇನ್ನೂ ಐತೆ.” ಗಂಗಾಮಣಿ ತನ್ನ ಬಲಗೈಯನ್ನು ದಿಟ್ಟಿಸಿದಳು. ಬೆರಳಲ್ಲಿ ಸಿಪ್ಪೆ ಅಂಟಿತ್ತು. “ಆ ಕಾಳಿನ ಪಾತ್ರೆ ಇತ್ತ ತಳ್ಳು. ಇನ್ನೊಂದು ನೋಡಾನ.”

ಮಾದೇವಮ್ಮ ಪಾತ್ರೆ ತಳ್ಳಿದಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಕೈಕಾಲು ಬೀಳುವಂತಾದರೆ, ಮಾತು ತೊದಲಿದರೆ, ಮಂತ್ರ ಹಾಕಿಸುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಗೆ ಬಂದ ಮೇಲೆ ಬಿ.ಪಿ. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಕೈಕಾಲನ್ನು ಹೇಗೆ ಆಡಿಸಬೇಕು ಅಂತ ಡಾಕ್ಟರನ್ನೋ ಸಿಸ್ಟರನ್ನೋ ಕೇಳಿ ತಿಳಿದುಕೊಳ್ಳಿ. ದಿನಾ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಅದನ್ನು ಕಟ್ಟಿಬಿಡಿ, ಆಗ ಮರೆಯುವುದಿಲ್ಲ. ಸ್ವಲ್ಪವೇ ಮಾಡಿ, ಆದರೆ ನಾಳೆಯೂ ಮಾಡಿ. ಇವರ ಹತ್ತಿರ ಇನ್ನೇನೂ ಆಗದು ಅಂತ ಪ್ರೀತಿಯಿಂದ ಎಲ್ಲವನ್ನೂ ನೀವೇ ಮಾಡಿಕೊಡಬೇಡಿ, ಪಕ್ಕದಲ್ಲಿ ಕೂತಿರಿ. ಭಯವಾಗುತ್ತದೆ, ಆಗಲಿ. ಭಯ ಇದ್ದವರೂ ಕೈ ಎತ್ತಬಹುದು. ಇವತ್ತು ಸಂಜೆ ದೀಪ ಹಚ್ಚಿದ ಮೇಲೆ, ಒಂದೇ ಸಲ, ಮೆಲ್ಲಗೆ ಎತ್ತಿ ನೋಡಿ.